ಮನೆ ಬದಲಿಸುವವರು ಹೊಸ ವಿಳಾಸ ಬರೆದಿಟ್ಟು ಹೋಗಿ

ತುಂಬ ದಿನಗಳಾದವು ಈ ಕಡೆ ತಲೆ ಹಾಕಿ. ಆಫೀಸಿನಲ್ಲಿ ಒಂದು ರಿಲೀಸು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ರಿಲೀಸು... ನಿಮಗೆಲ್ಲ ಗೊತ್ತಿರುವ ಕತೆಯೇ ಬಿಡಿ. ಇವತ್ತು ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ನಮ್ಮ ದೊಡ್ಡಪ್ಪ. ವಿಷಯ ಮಾತ್ರ ಪಿಎಚ್‌ಪಿಯ ಒಂದೇ ಒಂದು ಸಾಲು. ಟೆಕ್ನಿಕಲ್ ಬರಹ ಅಂತ ಓಡಿಹೋಗಬೇಡಿ, ಪ್ರೋಗ್ರಾಮಿಂಗ್ ಬರದವರಿಗೂ ತಿಳಿಯುವ ಹಾಗೆ ಹೇಳೋಕೆ ಪ್ರಯತ್ನ ಪಡ್ತೀನಿ :)

ಕಳೆದ ತಿಂಗಳು ಊರಿಗೆ, ಅಂದರೆ ಸಾಗರದ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆ. ಬ್ಯಾಗು ಕೆಳಗಿಡುವ ಮೊದಲೇ ದೊಡ್ಡಪ್ಪ ಫೋನು ಹಿಡಿದುಕೊಂಡು ಬಂದರು. "ಇದು ಹಾಳಾಗಿದೆ ಮಾರಾಯ, ನೋಡು" ಅಂದರು. ಅವರು ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ಅಡಿಕೆ ಧಾರಣೆ ನೋಡಿ ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಗೊರಬಲಿಗೆ ಎಷ್ಟು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಆ ಧಾರಣೆಯ ಪುಟವನ್ನು ಫೋನಿನ ಮುಂದಿನ ಪರದೆಗೆ ನಾನೇ ಹಾಕಿಕೊಟ್ಟಿದ್ದೆ. ಒಂದು ಸಲ ಒತ್ತಿದರೆ ನೇರ ಧಾರಣೆ. ಈಗ ಒತ್ತಿದರೆ ಅದೇ ತಾಣದ ಮುಖಪುಟ ಬರುತ್ತಿದೆ. ಮೇಲೊಂದು ಓಡಾಡುವ ಫೋಟೋ, ಕೆಳಗೆ ಇಂಗ್ಲಿಷಿನಲ್ಲಿ ಸ್ವಾಗತ, ಧಾರಣೆಯ ಸುದ್ದಿಯೇ ಇಲ್ಲ.

"ಫೋನು ಸರಿಯಾಗೇ ಇದೆ ದೊಡ್ಡಪ್ಪ, ಅವರು ತಾಣ ಬದಲಾಯಿಸಿದ್ದಾರೆ" ಅಂದೆ.

"ಬದಲಾಯಿಸಲಿ, ಬೇಡ ಅಂದವರಾರು? ಅಡಿಕೆ ಮಂಡಿಗೆ ಹೋಗಬೇಕು ಅಂತ ಹೇಳಿ ಬಸ್ಸು ಹತ್ತಿದರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಹೋದ ಹಾಗಾಯ್ತಲ್ಲ. ಮಂಡಿ ಎಲ್ಲಿಗೆ ಹೋಯಿತು ಅಂತಾದರೂ ಒಂದು ಮಾತು ಹೇಳಬೇಕಪ್ಪ."

ನಾನು ನಕ್ಕುಬಿಟ್ಟೆ. ಆದರೆ ಒಳಗೊಳಗೇ ಚುರುಕ್ ಅಂತು. ಯಾಕೆಂದರೆ ಸರಿಯಾಗಿ ಇದೇ ಕೆಲಸವನ್ನು ಎರಡು ವರ್ಷದ ಹಿಂದೆ ನಾನೇ ಮಾಡಿದ್ದೆ.

ಆಗ ನಮ್ಮ ಟೀಮಿಗೆ ಒಂದು ಟ್ರಸ್ಟಿನ ತಾಣವನ್ನು ಹೊಸದಾಗಿ ಕಟ್ಟುವ ಕೆಲಸ ಬಂದಿತ್ತು. ಹಳ್ಳಿ ಮಕ್ಕಳಿಗೆ ಹಾಸ್ಟೆಲು, ವಿದ್ಯಾರ್ಥಿವೇತನ ಕೊಡುವ ಟ್ರಸ್ಟು ಅದು. ಹೊಸ ವಿನ್ಯಾಸ, ಹೊಸ ಮೆನು, ಎಲ್ಲ ಪುಟಗಳಿಗೂ ಹೊಸ ವಿಳಾಸ. ನಾಳೆ ಬೆಳಿಗ್ಗೆ ಉದ್ಘಾಟನೆ ಅನ್ನುವಾಗ ರಾತ್ರಿ ಹತ್ತು ಗಂಟೆಗೆ ಯಾರೋ ಕೇಳಿದರು, "ಹಳೆಯ ಲಿಂಕುಗಳು?" ನಾನು ಪಿಎಚ್‌ಪಿಯಲ್ಲಿ ಒಂದು ಸಾಲು ಬರೆದೆ: ಗೊತ್ತಿಲ್ಲದ ಯಾವ ವಿಳಾಸ ಕೇಳಿ ಬಂದರೂ ಮುಖಪುಟಕ್ಕೆ ಕಳಿಸು. ಐದು ನಿಮಿಷದ ಕೆಲಸ. ಎಲ್ಲರೂ ಭೇಷ್ ಅಂದರು. ಮನೆಗೆ ಹೋಗಿ ಮಲಗಿದೆ.

ಊರಿಂದ ಬಂದ ಮೇಲೆ ಆ ಸಾಲನ್ನು ಮತ್ತೆ ತೆರೆದು ನೋಡಿದೆ. ಅದರ ಬಗ್ಗೆಯೇ ಈ ಬರಹ.

ಮೊದಲು ಇದು ನಡೆಯುವುದು ಹೇಗೆ ಅಂತ ಹೇಳಿಬಿಡ್ತೀನಿ. ನಿಮ್ಮ ಬ್ರೌಸರು ಒಂದು ಪುಟ ಬೇಕು ಅಂತ ಕೇಳಿದಾಗ ಸರ್ವರು ಬರೀ ಪುಟ ಕಳಿಸುವುದಿಲ್ಲ. ಒಂದು ಲಕೋಟೆ, ಅದರೊಳಗೆ ಕಾಗದ ಅಂದುಕೊಳ್ಳಿ. ಕಾಗದ ಅಂದರೆ ನಮಗೆ ಕಾಣುವ ಪುಟ. ಲಕೋಟೆಯ ಮೇಲಿನ ಬರಹಕ್ಕೆ ಹೆಡರ್ ಅನ್ನುತ್ತಾರೆ, ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಬ್ರೌಸರು ಮಾತ್ರ ಓದಿಕೊಳ್ಳುತ್ತದೆ. ಲಕೋಟೆಯ ಮೇಲೆ ಮೊದಲಿಗೇ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. 200 ಅಂದರೆ ಎಲ್ಲ ಸರಿ ಇದೆ. 404 ಅಂದರೆ ಅಂಥ ಪುಟ ಇಲ್ಲ (ಇದು ನಮಗೆಲ್ಲ ಚಿರಪರಿಚಿತ!). 3ರಿಂದ ಶುರುವಾಗುವವುಗಳಲ್ಲಿ ಹೆಚ್ಚಿನವು "ಇಲ್ಲಲ್ಲ, ಅಲ್ಲಿಗೆ ಹೋಗು" ಅನ್ನುವ ಜಾತಿ. ಎಲ್ಲಿಗೆ ಅನ್ನುವುದನ್ನು ಲೊಕೇಶನ್ ಅನ್ನುವ ಇನ್ನೊಂದು ಹೆಡರಿನಲ್ಲಿ ಬರೆದಿರುತ್ತಾರೆ. ಮನೆ ಖಾಲಿ ಮಾಡಿದವರ ಕಾಗದದ ಮೇಲೆ ಪೋಸ್ಟ್‌ಮ್ಯಾನ್ ಹಳೆಯ ವಿಳಾಸ ಹೊಡೆದುಹಾಕಿ ಹೊಸದನ್ನು ಬರೆಯುತ್ತಾನಲ್ಲ, ಹಾಗೆ.

ಪಿಎಚ್‌ಪಿಯಲ್ಲಿ ಈ ಲಕೋಟೆಯ ಮೇಲೆ ಬರೆಯುವುದಕ್ಕೆ ಹೆಡರ್ ಅನ್ನುವ ಹೆಸರಿನದೇ ಒಂದು ಫಂಕ್ಷನ್ ಇದೆ. ಅದಕ್ಕೆ ಲೊಕೇಶನ್ ಅಂತ ಬರೆದು, ಕೋಲನ್ ಹಾಕಿ, ಹೊಸ ವಿಳಾಸ ಕೊಟ್ಟರೆ ಮುಗಿಯಿತು. ನೀವು ಬೇರೇನೂ ಹೇಳದಿದ್ದರೆ ಪಿಎಚ್‌ಪಿ ತಾನಾಗಿಯೇ 302 ಅನ್ನುವ ಸಂಖ್ಯೆ ಹಾಕುತ್ತದೆ. ಬೇರೆ ಸಂಖ್ಯೆ ಬೇಕಿದ್ದರೆ ಅದೇ ಫಂಕ್ಷನ್ನಿನ ಮೂರನೆಯ ಜಾಗದಲ್ಲಿ 301 ಅಂತ ನಾವೇ ಕೊಡಬೇಕು.

302 ಮತ್ತು 301ಕ್ಕೆ ಏನು ವ್ಯತ್ಯಾಸ? ಒಂದಂಕಿ ಅಷ್ಟೇ ಅಂತ ನಾನೂ ಬಹಳ ದಿನ ತಿಳಿದಿದ್ದೆ. 302 ಅಂದರೆ "ಸದ್ಯಕ್ಕೆ ಅಲ್ಲಿದ್ದಾರೆ, ಮುಂದಿನ ಸಲವೂ ಇಲ್ಲೇ ಬಂದು ಕೇಳು". 301 ಅಂದರೆ "ಮನೆಯನ್ನೇ ಬದಲಾಯಿಸಿದ್ದಾರೆ, ಇನ್ನು ಇಲ್ಲಿಗೆ ಬರಬೇಡ". ಬ್ರೌಸರುಗಳು 301 ಅನ್ನು ನೆನಪಿಟ್ಟುಕೊಂಡು ಮುಂದಿನ ಸಲ ನಿಮ್ಮ ಸರ್ವರನ್ನು ಕೇಳದೆಯೇ ನೇರ ಹೊಸ ಜಾಗಕ್ಕೆ ಹೋಗುತ್ತವೆ. ಹುಡುಕು ತಾಣಗಳು ತಮ್ಮ ಪಟ್ಟಿಯಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಬರೆದುಕೊಳ್ಳುತ್ತವೆ. ಅಂದರೆ 301 ಅನ್ನುವುದು ನಾವು ಕೊಡುವ ಮಾತು. ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳುವುದು ಕಷ್ಟ. ಒಬ್ಬರ ಬ್ರೌಸರಿನೊಳಗೆ ಕೂತ ತಪ್ಪು 301 ಅನ್ನು ನಾವು ಕೈಹಾಕಿ ಕೀಳುವ ಹಾಗಿಲ್ಲ.

ಈಗ ನನ್ನ ವಾದಕ್ಕೆ ಬರ್ತೀನಿ. ಪುಟಗಳನ್ನು ಇನ್ನೊಂದು ಕಡೆಗೆ ಕಳಿಸುವುದನ್ನು ನಾವು ಇಂಜಿನಿಯರುಗಳು ಕೊನೆಯ ಐದು ನಿಮಿಷದ ಕೆಲಸ ಅಂದುಕೊಂಡಿದ್ದೇವೆ. ಅದು ತಪ್ಪು. ವಿಳಾಸ ಅನ್ನುವುದು ತಾಣ ಕಟ್ಟಿದವನ ಸ್ವತ್ತಲ್ಲ. ಒಮ್ಮೆ ಹೊರಗೆ ಬಿಟ್ಟ ಮೇಲೆ ಅದು ಯಾರದೋ ನೋಟ್‌ಬುಕ್ಕಿನಲ್ಲಿ, ಯಾವುದೋ ಶಾಲೆಯ ನೋಟೀಸ್ ಬೋರ್ಡಿನಲ್ಲಿ, ಇನ್ಯಾರೋ ಬರೆದ ಲೇಖನದ ನಡುವೆ ಇರುತ್ತದೆ. ಅದನ್ನು ಬದಲಾಯಿಸುವ ಹಕ್ಕು ನಮಗಿರಬಹುದು. ಹೇಳದೆ ಬದಲಾಯಿಸುವ ಹಕ್ಕು ಇಲ್ಲ. ಎಲ್ಲರನ್ನೂ ಮುಖಪುಟಕ್ಕೆ ಅಟ್ಟುವುದು ಹೇಳಿದ ಹಾಗಲ್ಲ, ಹೇಳಿದ ಹಾಗೆ ನಟಿಸುವುದು.

ಇದು ನಾನು ಹೊಸದಾಗಿ ಕಂಡುಹಿಡಿದಿದ್ದೇನೂ ಅಲ್ಲ. ವೆಬ್ ಅನ್ನು ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಒಂದು ಸಣ್ಣ ಲೇಖನದಲ್ಲಿ ವಿಳಾಸಗಳು ತಾವಾಗಿ ಬದಲಾಗುವುದಿಲ್ಲ, ಮನುಷ್ಯರು ಬದಲಾಯಿಸುತ್ತಾರೆ ಅನ್ನುವ ವಾದ ಮುಂದಿಟ್ಟಿದ್ದರು. ಆಮೇಲೆ ಆಗಿದ್ದೇನು? ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಹಾಕಿದಾಗ, 2013ರಲ್ಲಿ ಇದ್ದ ಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ.

ಇಂಗ್ಲಿಷಿನಲ್ಲಿ ಒಂದು ಪುಟ ಹೋದರೆ ಅದೇ ವಿಷಯದ ಇನ್ನೂ ಹತ್ತು ಪುಟ ಸಿಗಬಹುದು. ಕನ್ನಡದಲ್ಲಿ ಹಾಗಲ್ಲ. ಒಂದು ವಿಷಯದ ಮೇಲೆ ಇರುವುದೇ ಒಂದೋ ಎರಡೋ ಪುಟ. ಹೋದರೆ ಹೋಯಿತು. ನಾನು ಬ್ಲಾಗ್ ಲೋಕಕ್ಕೆ ತಡವಾಗಿ ಬಂದವನು. 2006-07ರ ಸುಮಾರಿನ ಹಳೆಯ ಕನ್ನಡ ಬ್ಲಾಗುಗಳನ್ನು ಈಗಲೂ ರಾತ್ರಿ ಕೂತು ಓದುವ ಚಟ ನನಗೆ. ಪಕ್ಕದಲ್ಲಿ "ನನ್ನ ಮೆಚ್ಚಿನ ತಾಣಗಳು" ಅಂತ ಒಂದು ಪಟ್ಟಿ ಇರುತ್ತದಲ್ಲ, ಅದರಲ್ಲಿ ಒಂದೊಂದನ್ನೇ ಒತ್ತುತ್ತಾ ಹೋದರೆ ಸ್ಮಶಾನದಲ್ಲಿ ನಡೆದ ಹಾಗಾಗುತ್ತದೆ. ಕೆಲವರು ಬರೆಯುವುದನ್ನು ನಿಲ್ಲಿಸಿದ್ದಾರೆ, ಅದು ಅವರಿಷ್ಟ. ಆದರೆ ಕೆಲವರು ಬ್ಲಾಗ್‌ಸ್ಪಾಟಿನಿಂದ ವರ್ಡ್‌ಪ್ರೆಸ್ಸಿಗೋ, ಅಲ್ಲಿಂದ ಸ್ವಂತ ಡೊಮೈನಿಗೋ ಹೋಗಿದ್ದಾರೆ. ಬರಹ ಬದುಕಿದೆ, ದಾರಿ ಸತ್ತಿದೆ. ಈ ಎರಡನೆಯದು ನೋಡಿದಾಗ ಹೊಟ್ಟೆ ಉರಿಯುತ್ತದೆ.

ದಾರಿ ಸಾಯುವುದಕ್ಕೆ ಮರೆಗುಳಿತನವೇ ಬೇಕಿಲ್ಲ, ದೊಡ್ಡವರ ಕೈಯಲ್ಲೂ ಸಾಯುತ್ತದೆ. ಬ್ಲಾಗ್‌ಸ್ಪಾಟಿನದೇ ಉದಾಹರಣೆ ತೆಗೆದುಕೊಳ್ಳಿ. 2012ರ ಆರಂಭದಲ್ಲಿ ಗೂಗಲ್, ಭಾರತದಿಂದ ಓದುವವರನ್ನು ಡಾಟ್ ಕಾಮ್ ವಿಳಾಸದಿಂದ ಡಾಟ್ ಇನ್ ವಿಳಾಸಕ್ಕೆ ಕಳಿಸುವುದಕ್ಕೆ ಶುರುಮಾಡಿತು. ಒಂದು ದೇಶದ ಕಾನೂನಿಗೆ ತಕ್ಕಂತೆ ಏನನ್ನಾದರೂ ಮುಚ್ಚಬೇಕಾದರೆ ಆ ದೇಶದಲ್ಲಷ್ಟೇ ಮುಚ್ಚಬಹುದು ಅನ್ನುವುದು ಉದ್ದೇಶ. ಉದ್ದೇಶದ ಮಾತು ಹಾಗಿರಲಿ. ಓದುಗ ಮಾಡುವುದೇನು? ಬರಹ ಇಷ್ಟವಾದರೆ ಮೇಲಿನ ಪಟ್ಟಿಯಲ್ಲಿ ಕಾಣುವ ವಿಳಾಸವನ್ನು ಕಾಪಿ ಮಾಡಿ ಇನ್ನೊಬ್ಬರಿಗೆ ಕಳಿಸುತ್ತಾನೆ. ಅಲ್ಲಿ ಕಾಣುತ್ತಿದ್ದುದು ಡಾಟ್ ಇನ್. ಹೀಗೆ ವರ್ಷಗಟ್ಟಲೆ ನಮ್ಮ ಕನ್ನಡ ಬ್ಲಾಗುಗಳ ಡಾಟ್ ಇನ್ ವಿಳಾಸಗಳು ಎಲ್ಲೆಲ್ಲೋ ಹರಡಿದವು. ಮುಂದೆ ಆ ಪದ್ಧತಿ ನಿಂತಿತು. 2020ರಲ್ಲಿ ಆ ಡಾಟ್ ಇನ್ ಡೊಮೈನಿನ ನೋಂದಣಿಯೇ ಗೂಗಲ್ ಕೈತಪ್ಪಿ ಬೇರೆಯವರ ಪಾಲಾಯಿತು. ಅಲ್ಲಿಗೆ ಆ ವಿಳಾಸಗಳ ಕತೆ ಮುಗಿಯಿತು. ಬ್ಲಾಗುಗಳಿಗೆ ಏನೂ ಆಗಿರಲಿಲ್ಲ, ಡಾಟ್ ಕಾಮ್‌ನಲ್ಲಿ ಹಾಗೇ ಇದ್ದವು. ಆದರೆ ಆ ಕೊಂಡಿ ಒತ್ತಿದವನಿಗೆ ಅದು ಹೇಗೆ ಗೊತ್ತಾಗಬೇಕು?

(ನಿಮ್ಮ ಹಳೆಯ ಬರಹಗಳಲ್ಲಿ ಇಂಥ ಡಾಟ್ ಇನ್ ಕೊಂಡಿಗಳಿದ್ದರೆ ದಯವಿಟ್ಟು ಅದನ್ನು ಡಾಟ್ ಕಾಮ್ ಅಂತ ತಿದ್ದಿಬಿಡಿ. ಹತ್ತು ನಿಮಿಷದ ಪುಣ್ಯದ ಕೆಲಸ.)

ಇದರಿಂದ ನಾನು ಕಲಿತಿದ್ದು ಇಷ್ಟು: "ತಾತ್ಕಾಲಿಕ" ಅಂತ ನಾವು ಕಳಿಸಿದ ಜಾಗವೂ ಓದುಗನ ಮಟ್ಟಿಗೆ ಕಾಯಂ ವಿಳಾಸವೇ ಆಗಿಬಿಡುತ್ತದೆ. ಅವನಿಗೆ 301, 302 ಕಾಣುವುದಿಲ್ಲ, ತಲುಪಿದ ಜಾಗವಷ್ಟೇ ಕಾಣುತ್ತದೆ. ಹಾಗಾಗಿ ಎಲ್ಲಿಗೆ ಕಳಿಸುತ್ತೇವೋ ಆ ಜಾಗವನ್ನೂ, ಎಲ್ಲಿಂದ ಕಳಿಸುತ್ತೇವೋ ಆ ಜಾಗವನ್ನೂ ಕಾಯುವ ಜವಾಬ್ದಾರಿ ನಮ್ಮದೇ.

ಸರಿ, ಒಳ್ಳೆಯ ಮನಸ್ಸಿನಿಂದಲೇ ಆ ಸಾಲು ಬರೆಯುತ್ತೇವೆ ಅಂದುಕೊಳ್ಳಿ. ಆಗಲೂ ಎಡವುವ ಜಾಗ ನಾಲ್ಕಿವೆ. ನಾನು ಇವುಗಳಲ್ಲಿ ಮೂರರಲ್ಲಿ ಬಿದ್ದು ಮಂಡಿ ಕೆತ್ತಿಸಿಕೊಂಡಿದ್ದೇನೆ.

ಮೊದಲನೆಯದು ಕನ್ನಡದಲ್ಲಿ ಬರೆಯುವವರಿಗೇ ಹೆಚ್ಚು ಕಾಡಿದ್ದು. ಲಕೋಟೆಯ ಮೇಲಿನ ಬರಹ ಕಾಗದಕ್ಕಿಂತ ಮೊದಲು ಹೋಗಬೇಕು. ಕಾಗದದ ಒಂದಕ್ಷರ ಹೊರಗೆ ಹೋಗಿದ್ದರೂ "ಹೆಡರುಗಳನ್ನು ಆಗಲೇ ಕಳಿಸಿಯಾಗಿದೆ" ಅಂತ ಪಿಎಚ್‌ಪಿ ಬೈಯುತ್ತದೆ. ಫೈಲಿನ ಶುರುವಿನಲ್ಲಿ ಒಂದು ಖಾಲಿ ಸಾಲಿದ್ದರೂ ಸಾಕು. ನಾನು ಕಾಲೇಜಿನಲ್ಲಿ ಇದನ್ನು ಕಲಿಯುವಾಗ ಫೈಲಿನಲ್ಲಿ ಖಾಲಿ ಸಾಲೂ ಇರಲಿಲ್ಲ, ಆದರೂ ಬೈಗುಳ ತಪ್ಪಲಿಲ್ಲ. ಒಂದು ಇಡೀ ಸಂಜೆ ಹೋಯಿತು. ಕೊನೆಗೆ ಗೊತ್ತಾಗಿದ್ದು, ಕನ್ನಡ ಅಕ್ಷರ ಇದ್ದದ್ದರಿಂದ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಅಂತ ಆರಿಸಿ ಉಳಿಸಿದ್ದೆ. ಹಳೆಯ ನೋಟ್‌ಪ್ಯಾಡು ಹಾಗೆ ಉಳಿಸುವಾಗ ಫೈಲಿನ ತಲೆಯ ಮೇಲೆ ಕಣ್ಣಿಗೆ ಕಾಣದ ಮೂರು ಬೈಟುಗಳನ್ನು ಅಂಟಿಸುತ್ತಿತ್ತು. ಅದಕ್ಕೆ ಬಾಮ್ ಅನ್ನುತ್ತಾರೆ, ಹೆಸರಿಗೆ ತಕ್ಕ ಹಾಗೇ ಇದೆ :) ಬರೀ ಇಂಗ್ಲಿಷ್ ಬರೆಯುತ್ತಿದ್ದ ಗೆಳೆಯರಿಗೆ ಈ ತೊಂದರೆಯೇ ಇರಲಿಲ್ಲ. 2019ರ ವಿಂಡೋಸ್ 10ರ ಅಪ್‌ಡೇಟಿನಿಂದ ಈಚೆಗೆ ನೋಟ್‌ಪ್ಯಾಡು ಬಾಮ್ ಇಲ್ಲದೆಯೇ ಉಳಿಸುತ್ತದೆ. ಆದರೆ ಹಳೆಯ ಫೈಲುಗಳ ತಲೆಯ ಮೇಲೆ ಅದು ಇನ್ನೂ ಕೂತಿರಬಹುದು. ಕೆಲವು ಸರ್ವರುಗಳಲ್ಲಿ ಪಿಎಚ್‌ಪಿ ಸ್ವಲ್ಪ ಕಾಗದವನ್ನು ಒಳಗೇ ತಡೆದಿಟ್ಟುಕೊಳ್ಳುವ ಹಾಗೆ ಹೊಂದಿಸಿರುತ್ತಾರೆ, ಅಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ. "ನನ್ನ ಕಂಪ್ಯೂಟರಿನಲ್ಲಿ ಓಡುತ್ತದೆ" ಅನ್ನುವ ಮಾತು ಹುಟ್ಟುವುದು ಹೀಗೇ.

ಎರಡನೆಯದು ಅಪಾಯದ್ದು. ಹೆಡರ್ ಸಾಲು ಬರೆದ ಕೂಡಲೇ ಪ್ರೋಗ್ರಾಮು ನಿಲ್ಲುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಿಲ್ಲುವುದಿಲ್ಲ! ಅದು ಲಕೋಟೆಯ ಮೇಲೆ ಬರೆಯುತ್ತದೆ ಅಷ್ಟೇ, ಕೆಳಗಿನ ಸಾಲುಗಳು ಓಡುತ್ತಲೇ ಇರುತ್ತವೆ. ನಿಲ್ಲಿಸಬೇಕಾದರೆ ಮುಂದಿನ ಸಾಲಿನಲ್ಲಿ ಎಕ್ಸಿಟ್ ಅಂತ ನಾವೇ ಹೇಳಬೇಕು. ನನ್ನ ಮೊದಲ ಕೆಲಸದಲ್ಲಿ ಒಂದು ಪುಟ ಬರೆದಿದ್ದೆ. ಲಾಗಿನ್ ಆಗಿಲ್ಲದವರನ್ನು ಲಾಗಿನ್ ಪುಟಕ್ಕೆ ಕಳಿಸು, ಆಮೇಲೆ ಗ್ರಾಹಕರ ಪಟ್ಟಿ ತೋರಿಸು. ಬ್ರೌಸರಿನಲ್ಲಿ ಎಲ್ಲ ಚೆನ್ನಾಗಿತ್ತು. ಟೆಸ್ಟಿಂಗಿನಲ್ಲಿದ್ದ ಒಬ್ಬ ಮೇಡಂ ಬ್ರೌಸರು ಬಿಟ್ಟು ಬೇರೆ ಸಾಧನದಿಂದ ಅದೇ ಪುಟ ಕೇಳಿ ನನ್ನನ್ನು ಕರೆದು ತೋರಿಸಿದರು. "ಲಾಗಿನ್ ಪುಟಕ್ಕೆ ಹೋಗು" ಅನ್ನುವ ಲಕೋಟೆ, ಅದರೊಳಗೆ ಅಚ್ಚುಕಟ್ಟಾಗಿ ಗ್ರಾಹಕರ ಪೂರ್ತಿ ಪಟ್ಟಿ! ಬ್ರೌಸರು ಲಕೋಟೆ ಓದಿ ಒಳಗಿನ ಕಾಗದವನ್ನು ತೆರೆಯದೆ ಹೊರಟುಹೋಗುತ್ತಿತ್ತು, ಹಾಗಾಗಿ ನನಗೆ ಕಂಡಿರಲಿಲ್ಲ. ಅವತ್ತು ಹಿಡಿದ ಆ ಮೇಡಂ ಅವರಿಗೆ ಇವತ್ತಿಗೂ ಋಣಿ. ವರ್ಡ್‌ಪ್ರೆಸ್ಸಿನವರು ಕೊಟ್ಟಿರುವ ರಿಡೈರೆಕ್ಟ್ ಫಂಕ್ಷನ್ ಕೂಡ ತಾನಾಗಿ ನಿಲ್ಲಿಸುವುದಿಲ್ಲ, ಅಲ್ಲೂ ಎಕ್ಸಿಟ್ ಬರೆಯಲೇಬೇಕು. ಪ್ಲಗಿನ್ ಬರೆಯುವವರು ನೆನಪಿಡಿ.

ಮೂರನೆಯದರಲ್ಲಿ ನಾನು ಬಿದ್ದಿಲ್ಲ, ಬಿದ್ದವರ ಕೋಡು ನೋಡಿದ್ದೇನೆ. ಎಲ್ಲಿಗೆ ಹೋಗಬೇಕು ಅನ್ನುವುದನ್ನು ವಿಳಾಸದ ಬಾಲದಿಂದಲೇ ಓದಿಕೊಂಡು ಕಣ್ಣುಮುಚ್ಚಿ ಅಲ್ಲಿಗೆ ಕಳಿಸುವುದು. ಬರೆಯುವುದಕ್ಕೆ ಸುಲಭ, ಆದರೆ ಕಳ್ಳರಿಗೆ ಹಬ್ಬ. ನಂಬಿಕೆಯ ತಾಣದ ಹೆಸರು ಮುಂದೆ, ಕಳ್ಳ ತಾಣದ ವಿಳಾಸ ಬಾಲದಲ್ಲಿ. ಎಸ್ಸೆಮ್ಮೆಸ್ಸಿನಲ್ಲಿ ಅದು ಬಂದರೆ ನಮ್ಮ ದೊಡ್ಡಪ್ಪನಂಥವರು ಮುಂದಿನ ಹೆಸರು ನೋಡಿ ಒತ್ತುತ್ತಾರೆ. ನಿಮ್ಮ ಒಳ್ಳೆಯ ಹೆಸರನ್ನು ಮುಂದಿಟ್ಟುಕೊಂಡು ಇನ್ಯಾರೋ ಅವರ ಬ್ಯಾಂಕ್ ಪಾಸ್‌ವರ್ಡ್ ಕೇಳುತ್ತಾರೆ. ಎಲ್ಲಿಗೆ ಕಳಿಸಬಹುದು ಅನ್ನುವ ಪಟ್ಟಿ ನಮ್ಮ ಹತ್ತಿರವೇ ಇರಬೇಕು, ಬಂದವರು ಹೇಳಿದ ಕಡೆಗೆಲ್ಲ ಕಳಿಸಬಾರದು.

ನಾಲ್ಕನೆಯದು ಕನ್ನಡ ಅಕ್ಷರದ ವಿಳಾಸಗಳದು. ಲೊಕೇಶನ್ ಹೆಡರಿನಲ್ಲಿ ಕನ್ನಡವನ್ನು ಹಾಗೇ ಬರೆಯುವಂತಿಲ್ಲ, ಶೇಕಡಾ ಚಿಹ್ನೆಯ ಸಂಕೇತಕ್ಕೆ ಬದಲಾಯಿಸಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, ಒಂದೊಂದು ಬೈಟಿಗೂ 3 ಅಕ್ಷರ, ಒಟ್ಟು 9. "ಕನ್ನಡ" ಅನ್ನುವ ಪದದಲ್ಲಿ ಕ, ನ, ವಿರಾಮ, ನ, ಡ ಅಂತ 5 ಸಂಕೇತಗಳಿವೆ, ಹಾಗಾಗಿ ವಿಳಾಸದಲ್ಲಿ ಅದು 45 ಅಕ್ಷರವಾಗುತ್ತದೆ. "ಮಲೆನಾಡಿನ ಮಳೆ" ಅಂತ ತಲೆಬರಹ ಕೊಟ್ಟರೆ ನಡುವಿನ ಅಡ್ಡಗೆರೆ ಸೇರಿ ಸರಿಯಾಗಿ 100. ವರ್ಡ್‌ಪ್ರೆಸ್ ಈ ಭಾಗಕ್ಕೆ ಇಟ್ಟಿರುವ ಜಾಗ 200 ಅಕ್ಷರ, ಅಂದರೆ ಕನ್ನಡದ 22 ಸಂಕೇತ ಅಷ್ಟೇ. ಉದ್ದನೆಯ ತಲೆಬರಹ ಅರ್ಧಕ್ಕೇ ತುಂಡಾಗುತ್ತದೆ. ಬ್ಲಾಗ್‌ಸ್ಪಾಟಿನ ಕತೆ ಇನ್ನೊಂದು. ತಲೆಬರಹ ಪೂರ್ತಿ ಕನ್ನಡದಲ್ಲಿದ್ದರೆ ಅದನ್ನು ಬಿಟ್ಟುಬಿಟ್ಟು "ಬ್ಲಾಗ್-ಪೋಸ್ಟ್" ಅಂತ ಬರೆದು ಹಿಂದೊಂದು ಅಂಕಿ ಹಾಕುತ್ತದೆ. ಇಂಥ ತಾಣವನ್ನು ಬೇರೆ ಕಡೆಗೆ ಸಾಗಿಸುವಾಗ ಹಳೆಯ ವಿಳಾಸ ನೋಡಿ ಇದು ಯಾವ ಬರಹ ಅಂತ ಊಹಿಸುವ ಹಾಗೇ ಇಲ್ಲ. ಪಟ್ಟಿ ಇಲ್ಲದೆ ಗತಿಯಿಲ್ಲ. ನಾನು ಬಿದ್ದಿದ್ದು ಇನ್ನೂ ಸೂಕ್ಷ್ಮವಾದ ಜಾಗದಲ್ಲಿ. ಒತ್ತಕ್ಷರ ಆಗದಂತೆ ತಡೆಯಲು ಹಾಕುವ ಕಾಣದ ಅಕ್ಷರ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಕಣ್ಣಿಗೆ ಸುಮಾರು ಒಂದೇ ಥರ ಕಂಡರೂ ಕಂಪ್ಯೂಟರಿಗೆ ಅವು ಎರಡು ಬೇರೆ ವಿಳಾಸ.

ಇಷ್ಟೆಲ್ಲ ಹೇಳಿದರೆ ಆಫೀಸಿನ ಗೆಳೆಯರು ಕೇಳುತ್ತಾರೆ: "ಈಗ ವಿಳಾಸ ಯಾರು ನೋಡ್ತಾರೋ? ಎಲ್ಲರೂ ಗೂಗಲಿನಲ್ಲಿ ಹುಡುಕಿಕೊಂಡೇ ಬರ್ತಾರೆ. ಸತ್ತ ಲಿಂಕಿಗೆ ಯಾಕೆ ಇಷ್ಟು ಅಳು?" ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ ಅಂತ ಒಪ್ತೀನಿ. ಎಲ್ಲ ಪುಟಗಳನ್ನೂ ಶಾಶ್ವತವಾಗಿ ಹೊತ್ತುಕೊಂಡು ತಿರುಗಬೇಕು ಅಂತ ನಾನು ಹೇಳುತ್ತಿಲ್ಲ. ಒಂದು ಪುಟ ನಿಜಕ್ಕೂ ಇಲ್ಲವಾಗಿದ್ದರೆ 404 ಕೊಡಿ, ಬೇಕಂತಲೇ ತೆಗೆದಿದ್ದರೆ ಅದಕ್ಕೆಂದೇ 410 ಅನ್ನುವ ಸಂಖ್ಯೆ ಇದೆ. "ಇಲ್ಲ" ಅನ್ನುವುದೂ ಒಂದು ಪ್ರಾಮಾಣಿಕ ಉತ್ತರ. ಮುಖಪುಟಕ್ಕೆ ಕಳಿಸುವುದು ಪ್ರಾಮಾಣಿಕ ಉತ್ತರ ಅಲ್ಲ. ಗೂಗಲ್ ಕೂಡ ಇಂಥದ್ದನ್ನು ಮುಸುಕು ಹಾಕಿದ 404 ಅಂತಲೇ ಲೆಕ್ಕಕ್ಕೆ ಹಿಡಿಯುತ್ತದೆ. ಮೋಸ ಹೋಗುವವನು ಮನುಷ್ಯ ಮಾತ್ರ.

ಹಾಗೆಯೇ 302 ಕೆಟ್ಟದ್ದು ಅಂತಲೂ ಹೇಳುತ್ತಿಲ್ಲ. ರಿಪೇರಿಗೆ ಅಂತ ಎರಡು ದಿನ ಬೇರೆ ಕಡೆ ಕಳಿಸುವುದಕ್ಕೆ ಅದೇ ಸರಿ. ಅರ್ಜಿ ತುಂಬಿ ಒತ್ತಿದ ಮೇಲೆ "ನಿಮ್ಮ ಅರ್ಜಿ ಬಂದಿದೆ" ಅನ್ನುವ ಪುಟಕ್ಕೆ ಕಳಿಸುವುದಕ್ಕೆ 303 ಇದೆ. ಹಾಗೆ ಕಳಿಸಿದರೆ ಜನ ಗಾಬರಿಯಿಂದ ರಿಫ್ರೆಶ್ ಒತ್ತಿದರೂ ಅರ್ಜಿ ಎರಡು ಸಲ ಹೋಗುವುದಿಲ್ಲ. ಒಂದೊಂದಕ್ಕೂ ಒಂದೊಂದು ಅರ್ಥ ಇದೆ. ಅರ್ಥ ತಿಳಿದು ಬಳಸೋಣ ಅಂತಷ್ಟೇ.

ಈಗ ಟ್ರಸ್ಟಿನ ತಾಣಕ್ಕೆ ಏನಾಯಿತು ಅಂತ ಹೇಳಿ ಮುಗಿಸ್ತೀನಿ.

ಊರಿಂದ ಬಂದವನೇ ಆ ಸರ್ವರಿನ ದಾಖಲೆ ತೆಗೆದು ನೋಡಿದೆ. ಯಾರು ಯಾವ ವಿಳಾಸ ಕೇಳಿದರು, ಯಾವ ಸಂಖ್ಯೆ ಉತ್ತರ ಹೋಯಿತು ಅಂತ ಸರ್ವರು ಒಂದೊಂದು ಸಾಲು ಬರೆದಿಡುತ್ತದೆ. ಎರಡು ವರ್ಷವಾದರೂ ಜನ ಹಳೆಯ ವಿಳಾಸಗಳಿಗೆ ಬರುತ್ತಲೇ ಇದ್ದರು, ನನ್ನ ಸಾಲು ಅವರನ್ನೆಲ್ಲ ಮುಖಪುಟಕ್ಕೆ ಅಟ್ಟುತ್ತಲೇ ಇತ್ತು. ಹೆಚ್ಚು ಜನ ಕೇಳಿದ್ದು ಯಾವುದು ಗೊತ್ತೇ? ವಿದ್ಯಾರ್ಥಿವೇತನದ ಅರ್ಜಿಯ ಪುಟ. ಟ್ರಸ್ಟಿನವರಿಗೆ ಫೋನು ಮಾಡಿದೆ. "ಹೌದು ಸಾರ್, ಆ ವಿಳಾಸವನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ ಹೈಸ್ಕೂಲುಗಳಿಗೆಲ್ಲ ಹಂಚಿದ್ದೆವು. ಈಗೀಗ ಅರ್ಜಿ ಕಡಿಮೆ ಬರ್ತಿವೆ, ಮಕ್ಕಳಿಗೆ ಆಸಕ್ತಿ ಇಲ್ಲ ಅಂದುಕೊಂಡಿದ್ದೆವು" ಅಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಕಡಿಮೆಯಾಗಿದ್ದಕ್ಕೆ ನನ್ನ ಸಾಲೊಂದೇ ಕಾರಣ ಅಂತ ಹೇಳೋಕಾಗಲ್ಲ. ಆದರೆ ಎಲ್ಲೋ ಒಬ್ಬಳು ಹುಡುಗಿ ಗೋಡೆಯ ಮೇಲಿನ ಕರಪತ್ರ ನೋಡಿ, ಯಾರದೋ ಫೋನಿನಲ್ಲಿ ಆ ವಿಳಾಸವನ್ನು ಅಕ್ಷರ ಅಕ್ಷರವಾಗಿ ಒತ್ತಿ, ಓಡಾಡುವ ಫೋಟೋ ನೋಡಿ, ಫೋನು ವಾಪಸ್ ಕೊಟ್ಟಿರುತ್ತಾಳೆ ಅನ್ನುವ ಯೋಚನೆ ತಲೆಯಿಂದ ಹೋಗುತ್ತಿಲ್ಲ.

ಒಂದೇ ಸಮಾಧಾನ ಅಂದರೆ ಅವತ್ತು ನಿದ್ದೆಗಣ್ಣಿನಲ್ಲಿ 301 ಅಂತ ಬರೆಯುವುದನ್ನು ಮರೆತಿದ್ದೆ. ಪಿಎಚ್‌ಪಿ ತಾನಾಗಿ 302 ಹಾಕಿತ್ತು. ಹಾಗಾಗಿ ಯಾರ ಬ್ರೌಸರಿನಲ್ಲೂ ಆ ತಪ್ಪು ದಾರಿ ಗಟ್ಟಿಯಾಗಿ ಕೂತಿರುವ ಸಂಭವ ಕಡಿಮೆ. ಸೋಮಾರಿತನವೂ ಒಮ್ಮೊಮ್ಮೆ ಕಾಪಾಡುತ್ತದೆ ನೋಡಿ. ಎರಡು ಸಂಜೆ ಕೂತು ಸರ್ವರಿನ ದಾಖಲೆಯಿಂದ ಹಳೆಯ ವಿಳಾಸಗಳನ್ನೆಲ್ಲ ಹೆಕ್ಕಿ, ಒಂದೊಂದಕ್ಕೂ ಹೊಸ ವಿಳಾಸ ಎದುರು ಬರೆದು ಪಟ್ಟಿ ಮಾಡಿದೆ. ಇನ್ನೊಬ್ಬರು ಅದನ್ನು ಒತ್ತಿ ಒತ್ತಿ ಪರೀಕ್ಷಿಸಿದರು. ಈಗ ಪಟ್ಟಿಯಲ್ಲಿರುವುದಕ್ಕೆ 301, ಇಲ್ಲದ್ದಕ್ಕೆ 404, ಆ 404 ಪುಟದಲ್ಲಿ ಕನ್ನಡದಲ್ಲಿ ಎರಡು ಸಾಲು ವಿವರಣೆ, ಟ್ರಸ್ಟಿನ ಫೋನ್ ನಂಬರು. ಬಿಲ್ಲು ಹಾಕುವ ಕೆಲಸ ಇದಲ್ಲ, ಹಾಕಲೂ ಇಲ್ಲ.

ನಮ್ಮಂಥ ಪುಕ್ಕಟೆ ಜಾಗದ ಬ್ಲಾಗಿಗರ ಹತ್ತಿರ ಪಿಎಚ್‌ಪಿ ಇರುವುದಿಲ್ಲ, ಸರಿ. ಆದರೂ ಮಾಡಬಹುದಾದದ್ದು ಇದೆ. ಬ್ಲಾಗ್‌ಸ್ಪಾಟಿನ ಸೆಟ್ಟಿಂಗ್ಸಿನಲ್ಲಿ ಅದೇ ಬ್ಲಾಗಿನ ಒಂದು ಪುಟದಿಂದ ಇನ್ನೊಂದಕ್ಕೆ ಕಳಿಸುವ ಸೌಲಭ್ಯ ಇದೆ, ಕಾಯಂ ಹೌದೋ ಅಲ್ಲವೋ ಅಂತಲೂ ಕೇಳುತ್ತದೆ. ವರ್ಡ್‌ಪ್ರೆಸ್ಸಿನಲ್ಲಿ ಪ್ರಕಟವಾದ ಬರಹದ ವಿಳಾಸ ತಿದ್ದಿದರೆ ಅದೇ ಹಳೆಯದನ್ನು ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ. ಬೇರೆ ಕಡೆಗೆ ಹೋಗುವವರು ಹಳೆಯ ಬ್ಲಾಗನ್ನು ಅಳಿಸಬೇಡಿ, ಮೇಲುಗಡೆ ಹೊಸ ವಿಳಾಸ ಬರೆದು ಬಾಗಿಲು ತೆರೆದೇ ಬಿಡಿ. ಸ್ವಂತ ಡೊಮೈನು ಕೊಂಡವರು ಅದರ ದುಡ್ಡು ಕಟ್ಟುವುದನ್ನು ಮರೆಯಬೇಡಿ, ದೊಡ್ಡವರ ಡೊಮೈನೇ ಕೈತಪ್ಪಿದ್ದನ್ನು ಮೇಲೆ ಹೇಳಿದೆನಲ್ಲ.

ದೊಡ್ಡಪ್ಪನ ಫೋನಿಗೆ ಧಾರಣೆಯ ಹೊಸ ವಿಳಾಸ ಹುಡುಕಿ ಹಾಕಿಕೊಟ್ಟು ಬಂದಿದ್ದೇನೆ. ಆ ತಾಣದವರಿಗೊಂದು ಮಿಂಚೆಯನ್ನೂ ಬರೆದೆ, ಉತ್ತರ ಬಂದಿಲ್ಲ. ಹೊರಡುವಾಗ ದೊಡ್ಡಪ್ಪ ಕೇಳಿದರು, "ಇದನ್ನೂ ಬದಲಾಯಿಸ್ತಾರಾ?" "ಗೊತ್ತಿಲ್ಲ ದೊಡ್ಡಪ್ಪ" ಅಂದೆ. ಅವರು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹೊಸ ವಿಳಾಸವನ್ನು ಪೆನ್ನಿನಲ್ಲಿ ಬರೆದುಕೊಂಡರು.

ನಿಮ್ಮ ಬ್ಲಾಗಿನ ಪಕ್ಕದ ಪಟ್ಟಿಯನ್ನು ಇವತ್ತು ಒಂದು ಸಲ ಒತ್ತಿ ನೋಡಿ. ಎಷ್ಟು ಬಾಗಿಲು ತೆರೆದಿವೆ? ಏನಂತೀರಿ?